ರಾಡಿಗೆ ಕಿವಿ ಇಟ್ಟವನು

ಗೌಸ್ ಪೀರನ ಬಲಗಿವಿ ಸತ್ತು ಹನ್ನೊಂದು ವರ್ಷವಾಗಿತ್ತು. ಬೋರು ಕೊರೆಯುವ ಲಾರಿಯ ಪಕ್ಕದಲ್ಲಿ ನಿಂತು ಕಂಪ್ರೆಸರಿನ ಗದ್ದಲ ಕೇಳಿ ಕೇಳಿ ಅದು ಮೊದಲು ಸೋರಿತು, ಆಮೇಲೆ ಗುಂಯ್‌ಗುಟ್ಟಿತು, ಕೊನೆಗೆ ಸುಮ್ಮನಾಯಿತು. ಎಡಗಿವಿಯೊಂದು ಉಳಿದಿತ್ತು. ಅದರಲ್ಲಿಯೂ ಈಚೆಗೆ ಮಾತುಗಳು ಗೋಡೆಯಾಚೆಯಿಂದ ಬಂದಂತೆ ಬರುತ್ತಿದ್ದವು. ಬಲಗೈಯ ಎರಡು ಬೆರಳಿಗೆ ಉಗುರಿಲ್ಲ. ಮೊಣಕಾಲು ಮಡಚಿ ಕೂತರೆ ಎಬ್ಬಿಸಲು ಒಬ್ಬರು ಬೇಕು. ನಲವತ್ತು ವರ್ಷ ಭೂಮಿಯೊಳಗೆ ಸಿಕ್ಕಿಕೊಂಡ ಪೈಪುಗಳನ್ನು ಬಿಡಿಸಿದ ಮನುಷ್ಯನಿಗೆ ಮೈಯಲ್ಲಿ ಉಳಿದದ್ದು ಇಷ್ಟೇ.

ಹರಿಹರದಿಂದ ಲೋಕಿಕೆರೆಯವರೆಗೆ ಯಾರ ಹೊಲದಲ್ಲಿ ರಾಡು ಸಿಕ್ಕಿಕೊಂಡರೂ ಜನ ಅವನ ಮನೆಗೇ ಬರುತ್ತಿದ್ದರು. ಬೋರು ಕೊರೆಯುವಾಗ ಐನೂರು ಆರುನೂರು ಅಡಿ ಕೆಳಗೆ ಹೋದ, ರಾಡಿನ ತುದಿಯಲ್ಲಿ ಕಲ್ಲು ಒಡೆಯುವ ಹ್ಯಾಮರಿನ ತಲೆಯ ಮೇಲೆ ಕೆಲವೊಮ್ಮೆ ಪಕ್ಕದ ಕಲ್ಲು ಉದುರಿ ಕೂಡುತ್ತದೆ. ಆಗ ಅದು ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ. ಹಟ ಮಾಡಿ ಎಳೆದರೆ ರಾಡು ಕತ್ತಿನಲ್ಲಿ ಮುರಿಯುತ್ತದೆ. ಅಂಥ ಹೊತ್ತಿನಲ್ಲಿ ಕಂಪ್ರೆಸರ್ ನಿಲ್ಲಿಸಿ, ರಾಡಿಗೆ ಕಿವಿ ಇಟ್ಟು ಕೇಳಬೇಕು. ಒಣಗಲ್ಲಾದರೆ ಹಲ್ಲು ಕಡಿದ ಸದ್ದು. ಜೇಡಿಮಣ್ಣಾದರೆ ನಾಯಿ ನೀರು ನೆಕ್ಕಿದ ಸದ್ದು. ಅದನ್ನು ಕೇಳಿಕೊಂಡು ಒಂದು ಬೆರಳು ಎತ್ತು, ಎರಡು ಬೆರಳು ಬಿಡು, ಅರ್ಧ ಸುತ್ತು ತಿರುಗಿಸು ಎಂದು ಹೇಳುತ್ತಾ ಹೋಗಬೇಕು. ಹಟಮಾರಿ ಮಗುವಿನ ಮುಷ್ಟಿ ಬಿಡಿಸಿದ ಹಾಗೆ. ಒಮ್ಮೊಮ್ಮೆ ಗಳಿಗೆಯ ಕೆಲಸ, ಒಮ್ಮೊಮ್ಮೆ ಎರಡು ದಿನ.

ಈ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಯಾರೂ ಬರೆದದ್ದಲ್ಲ, ಆದರೂ ಎಲ್ಲರೂ ನಡೆಸಿಕೊಂಡು ಬಂದದ್ದು. ಕಿವಿ ಇಟ್ಟವನ ಬಾಯಿಂದ ಮಾತು ಬರುವವರೆಗೆ ಯಾರೂ ರಾಡು ಎತ್ತುವ ಲಿವರಿಗೆ ಕೈ ಹಚ್ಚಬಾರದು. ಲಾರಿಯ ಸಾವ್ಕಾರ ಹೇಳಿದರೂ ಹಚ್ಚಬಾರದು. ಯಾಕೆಂದರೆ ಕಿವಿ ಇಟ್ಟವನ ತಲೆ ರಾಡಿಗೆ ಅಂಟಿಕೊಂಡಿರುತ್ತದೆ.

ಲೋಕಿಕೆರೆಯ ಹೊಲದಲ್ಲಿ ಆ ಕಟ್ಟಳೆ ಮುರಿಯಿತು. ಗೌಸ್ ಪೀರನ ಒಬ್ಬನೇ ಮಗ ರಿಯಾಜ್ ಸತ್ತ.

ಅಪ್ಪನ ಕಿವಿ ಹೋದ ಮೇಲೆ ಅಪ್ಪನಿಗೆ ಕಿವಿಯಾದವನು ಅವನು. ಆ ದಿನ ಅಪ್ಪನಿಗೆ ಜ್ವರ, ಮಗನೊಬ್ಬನೇ ಹೋಗಿದ್ದ. ರಾಡಿಗೆ ಕಿವಿ ಇಟ್ಟು, "ಹತ್ತು ನಿಮಿಷ ಸುಮ್ನಿರ್ರಿ, ಕಲ್ಲು ತಾನೇ ಸರೀತೈತೆ" ಅಂದಿದ್ದನಂತೆ. ಲಾರಿಯ ಸಾವ್ಕಾರ ಕೊಟ್ಟೂರೇಶನಿಗೆ ಸಂಜೆಯೊಳಗೆ ಇನ್ನೊಂದು ಊರಿನಲ್ಲಿ ಕೊರೆಯಲು ಹೋಗಬೇಕಾಗಿತ್ತು. ಕಾರಿನ ಬಾಗಿಲಲ್ಲಿ ನಿಂತು, "ಎತ್ತಲೇ!" ಎಂದು ಕೂಗಿದ. ಲಿವರ್ ಹಿಡಿದಿದ್ದ ಆಪರೇಟರ್ ವಾಮದೇವಪ್ಪ ಎತ್ತಿದ. ರಾಡಿನ ಕತ್ತು ಮುರಿದು ಮೇಲಿನ ತುಂಡು ಹೋರಿಯ ಹಾಗೆ ಪಕ್ಕಕ್ಕೆ ಹಾಯಿತು.

ದಾವಣಗೆರೆಯ ಆಸ್ಪತ್ರೆಯ ಹಿಂಬದಿಯಲ್ಲಿ ಗೌಸ್ ಪೀರ್ ಮಗನನ್ನು ನೋಡಿದಾಗ ಅಂಗಿಯ ಎದೆಯೆಲ್ಲ ಬ್ರಾಂದಿಯಲ್ಲಿ ತೊಯ್ದಿತ್ತು. ಬಾಯಿಗೆ ಮೂಗು ಹಚ್ಚಿ ನೋಡಿದ. ಬೆಳಿಗ್ಗೆ ತಿಂದ ಮಂಡಕ್ಕಿಯ ಬೆಳ್ಳುಳ್ಳಿ ವಾಸನೆ, ರಕ್ತದ ವಾಸನೆ, ಮತ್ತೇನೂ ಇಲ್ಲ. ಕುಡಿದವನು ಅಂಗಿಯಿಂದ ಕುಡಿಯುತ್ತಾನೆಯೇ ಎಂದು ಅಲ್ಲಿದ್ದವರನ್ನೆಲ್ಲ ಕೇಳಿದ. ಅಷ್ಟರೊಳಗೆ ಅಲ್ಲಿಯ ಠಾಣೆಯಲ್ಲಿ ಹೇಳಿಕೆಯಾಗಿತ್ತು: ಕೂಲಿಯವನು ಕುಡಿದಿದ್ದ, ಬೇಡವೆಂದರೂ ಮಷೀನಿಗೆ ತಲೆ ಕೊಟ್ಟ. ಕೆಳಗೆ ಸಾವ್ಕಾರನ ಸಹಿ, ಆಪರೇಟರನ ಸಹಿ. ಪರೀಕ್ಷೆಗೆ ಕಳಿಸಿದ ವರದಿ ಬಂದರೆ ಎಲ್ಲ ತಿಳಿಯುತ್ತದೆ ಎಂದರು. ನಾಲ್ಕು ತಿಂಗಳಾದರೂ ವರದಿ ಬರಲಿಲ್ಲ.

ಸಾವು ದೇವರದು ಎಂದು ಗೌಸ್ ಪೀರ್ ನಂಬಿದವನು. ಐದು ಹೊತ್ತು ನಮಾಜು ತಪ್ಪಿಸದವನು. ಮಗನ ಸಾವನ್ನು ಹೇಗೋ ನುಂಗುತ್ತಿದ್ದ. ಆದರೆ ಆ ಎರಡು ಸಾಲಿನ ಹೇಳಿಕೆ ಗಂಟಲಲ್ಲಿ ಅಡ್ಡ ನಿಂತಿತು. ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದವನು ಹಿಂದಿನ ಸಾಲಿಗೆ ಸರಿದ. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇರುವುದೇ ಅವನಿಗೆ ಕೇಳಿಸುತ್ತಿತ್ತು. ಒಂದು ಸಂಜೆ ಮೊಮ್ಮಗಳು ಸಬಾ ಶಾಲೆಯಿಂದ ಬಂದು ಚೀಲ ಇಳಿಸದೆ ನಿಂತು ಕೇಳಿದಳು.

"ದಾದಾ, ಅಬ್ಬಾ ಕುಡೀತಿದ್ರಾ?"

"ಯಾರಂದ್ರು?"

"ಎಲ್ಲಾರೂ ಅಂತಾರೆ."

ಆ ರಾತ್ರಿಯಿಂದ ಅವನ ದುವಾ ಬದಲಾಯಿತು. ಸಬರ್ ಕೊಡು ಎಂದು ಕೇಳು, ತಾಳ್ಮೆ ಕೊಡು ಎಂದು ಕೇಳು ಎಂದು ಹಿರಿಯರು ಹೇಳುತ್ತಿದ್ದರು. ಅವನು ಅದನ್ನು ಕೇಳಲಿಲ್ಲ. ಯಾ ಅಲ್ಲಾ, ಆ ಸಾವ್ಕಾರನನ್ನು ನನ್ನ ಕೈಗೆ ಕೊಡು, ಒಂದು ಗಳಿಗೆ ಸಾಕು ಎಂದು ಕೇಳಿದ. ದಿನಕ್ಕೆ ಐದು ಸಲ ಕೇಳಿದ.

ಸೊಸೆ ರುಕ್ಸಾನಾಳ ಇದ್ದತ್ತು ಮುಗಿಯಲು ಒಂದು ದಿನ ಉಳಿದಿತ್ತು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಒಳಗೋಣೆಯಲ್ಲಿ ಅವಳು ಬೀಡಿ ಎಲೆ ಕತ್ತರಿಸುವ ಸದ್ದು. ಆ ಬೆಳಿಗ್ಗೆ ಕೊಟ್ಟೂರೇಶನ ಕಾರು ಓಣಿಯ ತುದಿಯಲ್ಲಿ ನಿಂತಿತು. ಮುಂದೆ ಬರಲು ಜಾಗವಿರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಚರಂಡಿ ದಾಟುತ್ತಾ ಪಂಚೆ ಎತ್ತಿಕೊಂಡು ಬಂದ.

"ಸಾಬ್ರೇ, ಅದೀರೇನ್ರಿ?"

ಗೌಸ್ ಪೀರನ ಹೆಂಡತಿ ದಿಲ್ಷಾದ್ ಬೇಗಂ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಏಳಲಿಲ್ಲ.

"ಏನ್ರೀ, ಯಾರು ಬಂದಾರೆ ನೋಡ್ರಿ. ನಿಮ್ಮ ಮಗನಿಗೆ ಬ್ರಾಂದಿ ಸ್ನಾನ ಮಾಡಿಸಿದೋರು ಬಂದಾರೆ."

"ಆಗಿದ್ದು ಆಗಿಹೋತು ಅಮ್ಮಾ. ಹಣೇಬರ ಅದು. ಯಾರು ತಪ್ಪಿಸಾಕೆ ಆಗ್ತೈತಿ?"

"ನಿಮ್ಮ ಹಣೆ ಮೇಲೆ ಬರೆಯೋ ದೇವ್ರು ಬ್ಯಾರೆ, ನಮ್ಮ ಹಣೆ ಮೇಲೆ ಬರೆಯೋ ದೇವ್ರು ಬ್ಯಾರೆ ಕಾಣ್ತೈತಿ. ನಿಮ್ದು ಬರೆದಿದ್ದನ್ನ ಒರೆಸ್ಯಾನ, ನಮ್ದು ಒರೆಸೋದಿಲ್ಲ."

ಕೊಟ್ಟೂರೇಶ ಆ ಮಾತನ್ನು ದಾಟಿ ಒಳಗೆ ಬಂದ. ಕೂಡ್ರಿ ಎನ್ನುವವರಿರಲಿಲ್ಲ. ನಿಂತುಕೊಂಡೇ ಹೇಳಿದ. ನಂದಿಗುಡಿ ದಾರಿಯಲ್ಲಿ ಕೆಂಚವೀರಪ್ಪನವರ ಹೊಸ ಅಕ್ಕಿ ಗಿರಣಿ. ಅಲ್ಲಿ ಬೋರು. ಆರುನೂರಾ ನಲವತ್ತು ಅಡಿಗೆ ಹ್ಯಾಮರು ಹಿಡಿದುಕೊಂಡಿದೆ. ಮೂವತ್ತೆರಡು ರಾಡು ಒಳಗಿವೆ.

"ಹೊಸಾ ಗಾಡಿ ಸಾಬ್ರೇ. ರಾಡು ಹೊಸಾವು. ನಿನ್ನೆ ಮಧ್ಯಾಹ್ನದಿಂದ ಒಂದು ಕೂದಲೆಳೆ ಅಲ್ಲಾಡಿಲ್ಲ."

"ಕೇಸಿಂಗ್ ಪೈಪು ಎಷ್ಟು ಇಳಿಸೀರಿ?"

"ಅರವತ್ತು ಅಡಿ."

"ಹೊಳೆ ಕಡೆ ನೆಲ. ಗರಸು. ಅದು ಉದುರದಂಗೆ ತಡಿಯಾಕೆ ನೂರಿಪ್ಪತ್ತಾದ್ರೂ ಬೇಕಾಗಿತ್ತು."

"ಈಗ್ಯಾಕ ಆ ಮಾತು. ಬರ್ರಿ ಒಂದು ಸಲ."

"ಬ್ಯಾರೆ ಯಾರೂ ಸಿಗಲಿಲ್ಲೇನು?"

ಕೊಟ್ಟೂರೇಶನ ಮುಖ ಹುಳ್ಳಗಾಯಿತು. "ಮಕ್ತುಮ್ ಸಾಬನ್ನ ಕರದೆ. ಸೊಂಟ ಹಿಡದೈತಿ ಅಂದ. ಕರೀಂ ಸಾಬನ್ನ ಕರದೆ. ಅವನಿಗೂ ಸೊಂಟ. ದಾವಣಗೇರಿ ಕಡೇರು ಮೂರು ಮಂದಿ ಅದಾರಲ್ಲ, ಮೂರೂ ಸೊಂಟ. ಒಂದೇ ದಿನ ಎಲ್ಲಾರ್ದೂ ಹೆಂಗ್ ಹಿಡೀತೋ ನಾ ಕಾಣೆ."

ಗೌಸ್ ಪೀರ್ ಕೇಳಿದ.

"ಲಿವರ್ ಹಿಡಿಯೋನು ಯಾರು?"

"ಅವ್ನೇ. ವಾಮದೇವಪ್ಪ."

"ಬರ್ತೀನಿ."

ದಿಲ್ಷಾದ್ ಬೇಗಂ ಮೊರವನ್ನು ಕೆಳಗಿಟ್ಟಳು. "ಹೋಗ್ತೀರಾ? ಇವನ ರಾಡು ಎತ್ತಾಕೆ ಹೋಗ್ತೀರಾ? ನಾಚ್ಕೆ ಆಗೋದಿಲ್ವಾ ನಿಮಗೆ?" ಅವನು ಹಿತ್ತಲಲ್ಲಿ ಕೂತು ವಜೂ ಮಾಡಿದ. ಕೈ, ಬಾಯಿ, ಮುಖ, ಮೊಣಕೈ, ಕಾಲು. ಕಬರಸ್ತಾನಕ್ಕೆ ಹೋಗುವ ದಿನ ತೊಳೆದುಕೊಂಡ ಹಾಗೆ ನಿಧಾನವಾಗಿ ತೊಳೆದುಕೊಂಡ. ಹೆಂಡತಿ ಅದನ್ನು ನೋಡಿದಳು. ಮೊರವನ್ನು ಮತ್ತೆ ಎತ್ತಿಕೊಂಡಳು. ಅವನು ರಾಡು ಎತ್ತಲು ಹೋಗುತ್ತಿಲ್ಲವೆಂದು ಅವಳಿಗೆ ತಿಳಿದುಹೋಗಿತ್ತು.

ಗಿರಣಿಯ ಗೋಡೆ ಅರ್ಧ ಎದ್ದಿತ್ತು. ಅದರ ಮುಂದೆ ಬೋರು ಲಾರಿ, ಅದರ ಪಕ್ಕದಲ್ಲಿ ಕಂಪ್ರೆಸರ್ ಲಾರಿ. ಸುತ್ತ ಬೂದಿ ಬಣ್ಣದ ಕೆಸರು. ಕೆಲಸದ ಆರು ಹುಡುಗರು ಲಾರಿಯ ನೆರಳಿನಲ್ಲಿ ಕೂತಿದ್ದರು. ಇಟ್ಟಿಗೆ ಹೊರುವ ಉಚ್ಚಂಗಮ್ಮ ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತಿದ್ದಳು. ಗಿರಣಿಯ ಯಜಮಾನ ಕೆಂಚವೀರಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೇಸರದಿಂದ ಫೋನು ನೋಡುತ್ತಿದ್ದ.

"ಬಂದ್ರಾ ಸಾಬ್ರು? ನೋಡ್ರಪ್ಪಾ, ನನ್ನ ಜಾಗದಾಗೆ ಕಬ್ಬಿಣ ಬಿತ್ತನೆ ಮಾಡ್ಯಾರೆ. ಬೆಳೆ ಯಾವಾಗ ಬರ್ತೈತೋ ಕೇಳ್ರಿ."

ಹುಡುಗರು ನಕ್ಕರು. ಗೌಸ್ ಪೀರನನ್ನು ಕಂಡು ನಗು ನಿಲ್ಲಿಸಿ ಎದ್ದು ನಿಂತರು. ಲಿವರುಗಳ ಮುಂದೆ ನಿಂತಿದ್ದ ವಾಮದೇವಪ್ಪ ತಲೆ ಎತ್ತಲಿಲ್ಲ. ನಾಲ್ಕು ತಿಂಗಳಲ್ಲಿ ಅವನ ಗಡ್ಡ ಬೆಳ್ಳಗಾಗಿತ್ತು.

ಗೌಸ್ ಪೀರ್ ಕಂಪ್ರೆಸರ್ ನಿಲ್ಲಿಸಲು ಹೇಳಿದ. ಲಾರಿಯ ಎಂಜಿನ್ನು ಮಾತ್ರ ಸಣ್ಣಗೆ ಓಡುತ್ತಿರಲಿ ಎಂದ. ರಾಡಿನ ಮೇಲೆ ಅಂಗೈ ಇಟ್ಟ. ಕಿವಿ ಹೋದರೂ ಅಂಗೈ ಹೋಗಿರಲಿಲ್ಲ.

"ಒಂದು ಬೆರಳು ಎತ್ತು."

ವಾಮದೇವಪ್ಪ ಎತ್ತಿದ. ರಾಡು ಬಿಗಿಯಿತು.

"ಇನ್ನರ್ಧ."

ರಾಡು ತಂತಿಯಂತೆ ನಿಂತಿತು. ಗೌಸ್ ಪೀರ್ ಅಂಗೈಯನ್ನು ಕೆಳಗೆ ಜಾರಿಸುತ್ತಾ ಹೋದ. ಸೊಂಟದೆತ್ತರದಲ್ಲಿ ಎರಡು ರಾಡು ಕೂಡುವ ಜಾಗದಲ್ಲಿ ಸಣ್ಣ ನಡುಕವಿತ್ತು. ಹೊಸ ರಾಡು ಎಂದರೂ ತಿರುಪಿನ ಮರೆ ಸವೆದಿತ್ತು. ಇನ್ನು ಎರಡು ಬೆರಳು ಎಳೆದರೆ ಅಲ್ಲಿಯೇ ಮುರಿಯುತ್ತದೆ ಎಂದು ಅವನಿಗೆ ಗೊತ್ತಾಯಿತು. ಮುರಿದರೆ ಯಾವ ಕಡೆಗೆ ಹಾಯುತ್ತದೆ ಎಂಬುದೂ ಗೊತ್ತಾಯಿತು.

"ಈಗ ಕಿವಿ ಇಡಬೇಕು," ಅಂದ.

"ಇಡ್ರಿ ಮತ್ತೆ," ಅಂದ ಕೊಟ್ಟೂರೇಶ.

"ನನ್ನ ಕಿವಿ ಎಲ್ಲೈತ್ರಿ? ಒಂದು ನಿಮ್ಮ ಕಂಪ್ರೆಸರಿಗೆ ಹೋತು. ಇನ್ನೊಂದು ಲೋಕಿಕೆರೇಲಿ ಹೋತು."

ಕೊಟ್ಟೂರೇಶ ಹುಡುಗರ ಕಡೆ ತಿರುಗಿದ. "ಯಾರಾದ್ರೂ ಇಡ್ರಲೇ."

ಯಾರೂ ಅಲುಗಲಿಲ್ಲ. ಒಬ್ಬ ಕಾಲಬೆರಳಿನಿಂದ ಕೆಸರು ಕೆದಕಿದ. ಬಿಲಾಲ್ ಎಂಬ ಡ್ರೈವರು ಬೀಡಿ ಆರಿಸಿ ಹೇಳಿದ.

"ಮುಂದಿನ ತಿಂಗಳು ನನ್ನ ಶಾದಿ ಸಾವ್ಕಾರ್ರೇ. ಕಿವಿ ಬೇಕು. ಹೆಂಡ್ತಿ ಬೈಗಳ ಕೇಳಾಕೆ."

"ನಿನ್ನ ಶಾದಿಗಿಷ್ಟು!" ಕೊಟ್ಟೂರೇಶ ಪಕ್ಕದವನ ಕಡೆ ಕೈ ಮಾಡಿದ. "ನೀನು ಇಡೋ."

"ನನಗೆ ಎರಡು ಮಕ್ಕಳು ಅದಾವ್ರಿ," ಅಂದ ಇನ್ನೊಬ್ಬ.

ಕೆಂಚವೀರಪ್ಪ ಕುರ್ಚಿಯಿಂದ ಕೂಗಿದ. "ನೀವೇ ಇಡ್ರೀ ಕೊಟ್ಟೂರೇಶಣ್ಣ. ನಿಮ್ಮ ರಾಡು, ನಿಮ್ಮ ಜೋಡಿ ಮಾತಾಡ್ತೈತಿ. ನಾ ಬಿಸಿಲಾಗೆ ಎಷ್ಟಂತ ಕೂಡ್ಲಿ?"

"ನಾನಾ?"

"ಏನಿಲ್ಲ," ಅಂದ ಗೌಸ್ ಪೀರ್. "ಸುಮ್ನೆ ಕಿವಿ ಇಟ್ಟು, ಕೇಳಿದ್ದನ್ನ ನನಗೆ ಹೇಳ್ರಿ. ಉಳಿದದ್ದು ನಾ ನೋಡ್ಕೋತೀನಿ. ಸಂಜೀತನಕ ಹಿಂಗೇ ಬಿಟ್ರೆ ಗರಸು ಕೂತು ಗುಂಡಿ ಮುಚ್ಚಿಕೊಂತೈತಿ. ಆಮೇಲೆ ನಿಮ್ಮ ಮೂವತ್ತೆರಡು ರಾಡು ಕಯಾಮತ್ ದಿನ, ಪ್ರಳಯಕ್ಕೇ ಮೇಲೆ ಬರೋದು."

ಕೊಟ್ಟೂರೇಶ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕರವಸ್ತ್ರ ತೆಗೆದು ಕೆಸರಿನ ಮೇಲೆ ಹಾಸಿ, ಅದರ ಮೇಲೆ ಮೊಣಕಾಲೂರಿ, ರಾಡಿಗೆ ಕಿವಿ ಹಚ್ಚಿದ.

ಗೌಸ್ ಪೀರ್ ಅವನ ಹಿಂದೆ ಬಂದು ನಿಂತ.

"ಏನ್ ಕೇಳ್ತೈತಿ?"

"ಡಬ್ ಡಬ್ ಅಂತೈತಿ."

"ಅದು ನಿಮ್ಮ ಎದೆ. ಕೆಳಗಿನದು ಕೇಳ್ರಿ."

ಹಾಗೆ ಹೇಳುತ್ತಲೇ ಅವನ ಕತ್ತಿನ ಹಿಂಭಾಗವನ್ನು ಹಿಡಿದ. ನಲವತ್ತು ವರ್ಷ ಪೈಪು ಪಾನಾ ತಿರುವಿದ ಕೈ. ಕೊಟ್ಟೂರೇಶ ಏಳಲು ನೋಡಿದ. ಏಳಲಾಗಲಿಲ್ಲ. ಕೆನ್ನೆ ಕಬ್ಬಿಣಕ್ಕೆ ಒತ್ತಿಕೊಂಡಿತು.

"ಸಾಬ್ರೇ, ಕೈ ತೆಗೀರಿ. ಇದೇನಿದು?"

"ಲೋಕಿಕೆರೇಲಿ ನನ್ನ ಮಗ ಹಿಂಗೇ ಕೂತಿದ್ದ. ಮುಖ ಈ ಕಡೆ ಇತ್ತಾ, ಆ ಕಡೆ ಇತ್ತಾ? ನಾನು ನೋಡಿಲ್ಲ. ನೀವು ನೋಡೀರಿ. ಹೇಳ್ರಿ."

"ಹುಡುಗ್ರಾ! ಹಿಡೀರಲೇ ಇವನ್ನ!"

ಯಾರೂ ಬರಲಿಲ್ಲ. ಕೆಂಚವೀರಪ್ಪ ಎದ್ದು ನಿಂತ, ಫೋನು ಕೈಯಲ್ಲೇ ಉಳಿಯಿತು.

"ಕಿವಿ ಇಟ್ಟೋನ ಬಾಯಿಂದ ಮಾತು ಬರೋತನಕ ಎತ್ತಬಾರ್ದು," ಅಂದ ಗೌಸ್ ಪೀರ್. ದನಿ ಏರಿರಲಿಲ್ಲ. "ನಮ್ಮಪ್ಪನ ಕಾಲದಿಂದ ಈ ಕಟ್ಳೆ ನಮ್ಮ ತಲೆ ಕಾದಿತ್ತು. ನೀವು ಮುರಿದ್ರಿ. ಮುರಿದ ಮೇಲೆ ಅದು ಯಾರ ತಲೇನೂ ಕಾಯೋದಿಲ್ಲ ಸಾವ್ಕಾರ್ರೇ. ನಿಮ್ಮದನ್ನೂ ಕಾಯೋದಿಲ್ಲ. ಈಗ ನೀವು ಬ್ಯಾಡ ಬ್ಯಾಡ ಅಂತ ಕೂಗಿದ್ರೂ, ನಾನು ಎತ್ತು ಅಂದ್ರೆ ಅವ್ನು ಎತ್ತುತಾನೆ. ಯಾರು ಹೇಳಿದ್ರೂ ಎತ್ತೋ ಕೈ ಅದು. ಅಲ್ವೇನೋ ವಾಮದೇವಪ್ಪ?"

ವಾಮದೇವಪ್ಪ ಆಗ ತಲೆ ಎತ್ತಿದ. ಅವನ ಕೈ ಲಿವರಿನ ಮೇಲಿತ್ತು.

ಗೌಸ್ ಪೀರ್ ಕೆಳಗೆ ನೋಡಿದ. ಕೊಟ್ಟೂರೇಶನ ಕಿವಿ ಚಿಕ್ಕದು, ತೊಳೆದದ್ದು, ಅಂಚಿನಲ್ಲಿ ಬಿಳಿ ಕೂದಲು. ಸಬಾ ಕೇಳಿದ ರಾತ್ರಿಯಿಂದ ದಿನಕ್ಕೆ ಐದು ಸಲ ಬೇಡಿದ್ದು ಇದನ್ನೇ. ದೇವರು ಕೊಟ್ಟಿದ್ದಾನೆ. ಕೊಟ್ಟದ್ದನ್ನು ಬೇಡ ಎನ್ನಲು ತಾನು ಯಾರು? ರಾಡು ಹಾಯ್ದರೆ ಈ ತಲೆಯನ್ನಷ್ಟೇ ಅಲ್ಲ, ಅದನ್ನು ಹಿಡಿದ ತನ್ನನ್ನೂ ಬಿಡುವುದಿಲ್ಲ. ಬಿಡದಿರಲಿ. ಅವನ ಮನಸ್ಸಿನಲ್ಲಿ ಕನಿಕರ ಹುಡುಕಿದರೂ ಇರಲಿಲ್ಲ.

ಇನ್ನೊಂದು ಕೈ ಎತ್ತಿದ.

"ಎತ್ತು."

ಕೊಟ್ಟೂರೇಶ ಕಿರುಚಿದ. ಎಂಜಿನ್ನು ಓಡುತ್ತಲೇ ಇತ್ತು. ರಾಡು ಅಲುಗಲಿಲ್ಲ.

"ಎತ್ತಲೇ!"

ವಾಮದೇವಪ್ಪ ಲಿವರಿನಿಂದ ಕೈ ತೆಗೆದ. ಬಗ್ಗಿ ಎಂಜಿನ್ನಿನ ಕೀಲಿ ತಿರುವಿದ. ಎಲ್ಲ ಸದ್ದೂ ಒಮ್ಮೆಲೆ ನಿಂತಿತು. ಗದ್ದೆಯ ಕಡೆಯಿಂದ ಕೊಕ್ಕರೆಯೊಂದು ಕೂಗಿದ್ದು ಗೌಸ್ ಪೀರನ ಮಂದಗಿವಿಗೂ ಕೇಳಿಸಿತು.

"ಇಲ್ಲ ಸಾಬ್ರೇ," ಅಂದ ವಾಮದೇವಪ್ಪ. "ಈ ಕೈನ ಆವತ್ತು ತೆಗೀಬೇಕಾಗಿತ್ತು. ತೆಗೀಲಿಲ್ಲ. ಇವತ್ತು ತೆಗದೀನಿ. ಇನ್ನೊಂದು ಜೀವ ಬ್ಯಾಡ. ಇವನಂಥೋನ್ದಾದ್ರೂ ಬ್ಯಾಡ."

"ನನ್ನ ಸೇಡು ಕಸ್ಕೊಳ್ಳಾಕೆ ನೀನ್ಯಾವೋನು?" ಗೌಸ್ ಪೀರ್ ಈಗ ಕೂಗಿದ. "ನನ್ನ ಮಗನ್ನ ಕಸ್ಕೊಂಡೆ, ಅವನ ಹೆಸರು ಕಸ್ಕೊಂಡೆ, ಈಗ ಇದನ್ನೂ ಕಸ್ಕೋತೀಯಾ?"

"ಹೆಸರು ವಾಪಸ್ ಕೊಡ್ತೀನಿ ಸಾಬ್ರೇ. ಅದೊಂದು ನನ್ನ ಹತ್ರ ಐತೆ." ವಾಮದೇವಪ್ಪ ಲಾರಿಯ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಕೇಳ್ರಪ್ಪೋ. ಕೆಂಚವೀರಪ್ನೋರೇ, ನೀವೂ ಕೇಳ್ರಿ. ರಿಯಾಜ್ ಕುಡಿದಿರ್ಲಿಲ್ಲ. ನಾನು ಕುಡೀತೀನಿ, ಊರಿಗೇ ಗೊತ್ತು. ಅವ್ನು ಒಂದು ತೊಟ್ಟು ಮುಟ್ಟಿದೋನಲ್ಲ. ಹತ್ತು ನಿಮಿಷ ತಡೀರಿ ಅಂದ. ಇವ್ರು ಎತ್ತಲೇ ಅಂದ್ರು. ನಾನು ಎತ್ತಿದೆ. ಆಮೇಲೆ ಇವ್ರ ಕಾರಿನಾಗಿದ್ದ ಬಾಟ್ಲಿ ತಂದು ಅವನ ಎದೆ ಮ್ಯಾಲೆ ಇವ್ರೇ ಸುರುವಿದ್ರು. ತಲೆ ಹಿಡಕೊಂಡೋನು ನಾನು. ಬಿಸಿ ಇತ್ತು ಇನ್ನೂ ತಲೆ. ಸೈ ಹಾಕು, ಇಲ್ಲಾಂದ್ರೆ ಎತ್ತಿದ ಕೈ ನಿಂದು, ಜೈಲಿಗೆ ನೀನೇ ಹೋಗ್ತೀ ಅಂದ್ರು. ಹಾಕಿದೆ."

ಉಚ್ಚಂಗಮ್ಮ ಬುಟ್ಟಿಯಿಂದ ಎದ್ದು ಬಂದು ಅವನ ಮುಖಕ್ಕೆ ಉಗುಳಿದಳು. ಅವನು ಒರೆಸಿಕೊಳ್ಳಲಿಲ್ಲ.

ಗೌಸ್ ಪೀರನ ಹಿಡಿತ ಸಡಿಲವಾಗಿತ್ತು. ಕೊಟ್ಟೂರೇಶ ಬಿಡಿಸಿಕೊಂಡು ಕೆಸರಿನಲ್ಲಿ ನಾಲ್ಕು ಮಾರು ತೆವಳಿ ಎದ್ದು ನಿಂತ. ಕೆನ್ನೆಯ ಮೇಲೆ ಗ್ರೀಸಿನ ಗೆರೆ.

"ಕೊಲೆ ಮಾಡಾಕೆ ಬಂದಾನೆ! ನೋಡಿದ್ರಲ್ಲ ಎಲ್ಲಾರೂ! ಕೆಂಚವೀರಪ್ಪಣ್ಣ, ನೀವೇ ಸಾಕ್ಷಿ!"

"ಎಲ್ಲಾ ನೋಡಿದ್ವಿ," ಅಂದ ಕೆಂಚವೀರಪ್ಪ. "ಎಲ್ಲಾ ಕೇಳಿದ್ವಿ ಕೂಡ."

ಆಗ ನೆಲದೊಳಗಿನಿಂದ ಒಂದು ಸದ್ದು ಬಂತು. ಚೀಲದಿಂದ ಕಾಳು ಸುರಿದ ಹಾಗೆ, ಬಹಳ ಹೊತ್ತು. ರಾಡು ಎರಡು ಬೆರಳು ಕುಸಿದು ನಿಂತಿತು.

"ಏನದು?" ಅಂದ ಕೊಟ್ಟೂರೇಶ.

"ನಿಮ್ಮ ಅರವತ್ತು ಅಡಿ ಕೇಸಿಂಗು," ಅಂದ ಗೌಸ್ ಪೀರ್.

"ಸ್ಟಾರ್ಟ್ ಮಾಡ್ರಲೇ! ಗಾಳಿ ಕೊಡ್ರಲೇ! ಬಿಲಾಲ್!"

ಬಿಲಾಲ್ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ನೆಲದ ಮೇಲೆ ಕೂತ. ಅವನ ಪಕ್ಕದಲ್ಲಿ ಇನ್ನೊಬ್ಬ ಕೂತ. ಒಬ್ಬೊಬ್ಬರಾಗಿ ಆರು ಜನವೂ ಕೂತರು.

ಕೊಟ್ಟೂರೇಶ ನೇರವಾಗಿ ಹತ್ತಿರದ ಠಾಣೆಗೆ ಕಾರು ಓಡಿಸಿದ. ಗೌಸ್ ಪೀರ್ ಎಲ್ಲಿಗೂ ಓಡಲಿಲ್ಲ. ಗಿರಣಿಯ ಮರಳು ತರುವ ಟ್ರ್ಯಾಕ್ಟರಿನಲ್ಲಿ ಅವನೂ ವಾಮದೇವಪ್ಪನೂ ಎದುರುಬದುರು ಕೂತು ಅದೇ ಠಾಣೆಗೆ ಹೋದರು. ಹಿಂದೆ ಆರು ಜನ ಹುಡುಗರು, ಉಚ್ಚಂಗಮ್ಮ. ಗಿರಣಿಯ ಗೌಂಡಿಗಳೂ ಕೆಲಸ ಬಿಟ್ಟು ಹತ್ತಿಕೊಂಡಿದ್ದರು.

ಠಾಣೆಯ ರೈಟರು ದೂರು ಬರೆಯಲು ಹಾಳೆ ತೆಗೆದಿದ್ದ. ವಯಸ್ಸಾದವನು, ಕನ್ನಡಕದ ಮೇಲಿನಿಂದ ನೋಡಿದ.

"ಏನ್ ಸಾಬ್ರೇ, ಈ ವಯಸ್ಸಿನಾಗೆ ಇವ್ರನ್ನ ಕೊಲೆ ಮಾಡಾಕೆ ಹೋಗಿದ್ರಂತೆ?"

"ಹೌದು."

ರೈಟರನ ಪೆನ್ನು ನಿಂತಿತು. ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಪ್ರಶ್ನೆಗೇ ಹೌದು ಅಂದವರು ಅವನಿಗೆ ಸಿಕ್ಕಿರಲಿಲ್ಲ.

"ಹೌದು ಅಂತೀರಾ?"

"ಹೌದ್ರಿ. ಕತ್ತು ಹಿಡದು ರಾಡಿಗೆ ಒತ್ತಿದ್ದೆ. ಎತ್ತು ಅಂತ ಎರಡು ಸಲ ಕೂಗಿದೆ. ಸಾಯಲಿ ಅಂತಾನೇ ಕೂಗಿದೆ. ಬರ್ಕೊಳ್ರಿ."

"ಒಪ್ಕೊಂಡ್ನಲ್ಲ!" ಅಂದ ಕೊಟ್ಟೂರೇಶ. "ಇಷ್ಟು ಸಾಕು ಸಾಹೇಬ್ರೇ. ಇದನ್ನ ಬರ್ದು ಒಳಗೆ ಹಾಕ್ರಿ."

"ಯಾಕ ಹಂಗೆ ಮಾಡ್ದೆ ಅಂತ ಕೇಳ್ರಿ," ಅಂದ ಗೌಸ್ ಪೀರ್. "ನಿಮ್ಮ ಕಾಗದದಾಗೆ ಅದಕ್ಕೂ ಜಾಗ ಇರ್ತೈತಲ್ರಿ? ಕಾರಣ ಅಂತ?"

"ಇರ್ತೈತೆ."

"ಹಂಗಾದ್ರೆ ಬರೀರಿ. ನಾಲ್ಕು ತಿಂಗಳ ಹಿಂದೆ ಲೋಕಿಕೆರೇಲಿ..."

ಕೊಟ್ಟೂರೇಶನಿಗೆ ಆಗ ಹೊಳೆಯಿತು. ಮುಂದೆ ಬಂದು ಮೇಜಿನ ಮೇಲೆ ಕೈ ಇಟ್ಟ. "ಅದು ಬ್ಯಾಡ. ಅದು ಬ್ಯಾರೆ ಠಾಣೆ ಕೇಸು. ಮುಗದು ಹೋಗೈತೆ."

"ಹೌದು ಸಾಬ್ರೇ," ಅಂದ ರೈಟರು. "ಲೋಕಿಕೆರೆ ನಮ್ಮ ಹದ್ದಿಗೆ ಬರೋದಿಲ್ಲ."

"ಲೋಕಿಕೆರೆ ಬರೋದಿಲ್ಲ. ನಂದಿಗುಡಿ ಬರ್ತೈತಲ್ಲ? ನಾನು ಕತ್ತು ಹಿಡದದ್ದು ನಿಮ್ಮ ಹದ್ದಿನಾಗೆ. ಯಾಕ ಹಿಡದೆ ಅನ್ನೋದೂ ನಿಮ್ಮ ಹದ್ದೇ. ಅದಿಲ್ಲದೆ ಬರದ್ರೆ ನಾನು ಸೈ ಹಾಕೋದಿಲ್ಲ."

ರೈಟರು ಒಮ್ಮೆ ಮುದುಕನನ್ನು, ಒಮ್ಮೆ ಸಾವ್ಕಾರನನ್ನು, ಆಮೇಲೆ ಬಾಗಿಲ ತುಂಬ ನಿಂತ ಜನರನ್ನು ನೋಡಿದ.

"ಹೋಗ್ಲಿ ಬಿಡ್ರಿ," ಅಂದ ಕೊಟ್ಟೂರೇಶ. ಕೆನ್ನೆಯ ಗ್ರೀಸು ಒರೆಸಿಕೊಂಡು ನಗಲು ನೋಡಿದ. "ಮುದುಕ ಮನುಷ್ಯ. ಮಗನ್ನ ಕಳಕೊಂಡಾನೆ. ತಲೆ ಕೆಟ್ಟೈತಿ. ನಾನು ದೂರು ವಾಪಸ್ ತಗೋತೀನಿ. ನನಗೇನೂ ಆಗಿಲ್ಲ."

"ನೀವು ವಾಪಸ್ ತಗೊಂಡ್ರೆ ನಾನು ಕೊಡ್ತೀನಿ," ಅಂದ ಗೌಸ್ ಪೀರ್.

"ಯಾರ ಮ್ಯಾಲೆ?"

"ನನ್ನ ಮ್ಯಾಲೆ. ನಾನು ಒಬ್ಬನ್ನ ಕೊಲ್ಲಾಕೆ ಹೋಗಿದ್ದೆ, ಹಿಡಕೊಳ್ರಿ ಅಂತ ಕೊಡ್ತೀನಿ. ಜೈಲಾದ್ರೆ ಆಗ್ಲಿ. ಆದ್ರೆ ಕಾರಣ ಬರ್ದೇ ಹಾಕ್ರಿ."

ವಾಮದೇವಪ್ಪ ಅವನ ಪಕ್ಕಕ್ಕೆ ಬಂದು ನಿಂತ. "ನನ್ನ ಹೇಳಿಕೇನೂ ಬರ್ಕೊಳ್ರಿ. ಮೊದ್ಲು ಕೊಟ್ಟದ್ದು ಸುಳ್ಳು. ನನ್ನ ಮ್ಯಾಲೂ ಕೇಸಾಗ್ತೈತಿ ಅಂತ ಗೊತ್ತು."

"ಸಾಕ್ಷಿಗೆ ನನ್ನ ಹೆಸರು," ಅಂದಳು ಉಚ್ಚಂಗಮ್ಮ ಬಾಗಿಲಿನಿಂದ. "ಹೆಬ್ಬೆಟ್ಟಲ್ಲ, ಸೈ ಮಾಡ್ತೀನಿ. ಹೆಂಗೂ ಇವತ್ತಿನ ಕೂಲಿ ಹೋಗೈತಿ."

ಕೊಟ್ಟೂರೇಶ ಹೊರಗೆ ಹೋಗಲು ತಿರುಗಿದ. ಬಾಗಿಲಲ್ಲಿ ನಿಂತವರು ಅವನನ್ನು ಮುಟ್ಟಲಿಲ್ಲ, ಬೈಯಲಿಲ್ಲ. ದಾರಿ ಮಾತ್ರ ಬಿಡಲಿಲ್ಲ. "ಸ್ವಲ್ಪ ಕೂಡ್ರಿ ಸಾವ್ಕಾರ್ರೇ," ಅಂದ ಬಿಲಾಲ್. "ಹತ್ತು ನಿಮಿಷದ ಕೆಲಸ."

ರೈಟರು ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದ. ಕನ್ನಡಕ ಸರಿಮಾಡಿಕೊಂಡ.

"ಮಗನ ಹೆಸರು?"

"ರಿಯಾಜ್."

"ವಯಸ್ಸು?"

"ಮೂವತ್ತೊಂದು."

"ಏನಾಗಿತ್ತು ಹೇಳ್ರಿ."

ಗೌಸ್ ಪೀರ್ ಎರಡೂ ಕೈಗಳನ್ನು ಮೇಜಿನ ಮೇಲೂರಿ ಹಾಳೆಯ ಕಡೆಗೆ ಬಗ್ಗಿದ.

"ಅವ್ನು ಕುಡೀತಿರ್ಲಿಲ್ಲ," ಅಂದ. "ಮೊದ್ಲು ಇದನ್ನ ಬರೀರಿ. ಬರದು, ನನಗೆ ಕೇಳೋ ಹಂಗೆ ಗಟ್ಟಿಯಾಗಿ ಓದ್ರಿ."